ಸರ್ಕಾರಿ ಆಸ್ಪತ್ರೆ ಸುಧಾರಿಸಿದ ಮೇಲೂ ಮತ್ತೆ ಯಾಕೆ ಕೆಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಆಸ್ಪತ್ರೆಗಳಲ್ಲಿ ಇಪ್ಪತ್ತೆಂಟು ವರ್ಷ ಹೆರಿಗೆ ಮಾಡಿಸಿದವಳು ನಾನು. ಅದರಲ್ಲಿ ಕೊನೆಯ ಆರು ವರ್ಷ ಆಡಳಿತ ವೈದ್ಯಾಧಿಕಾರಿಯ ಕುರ್ಚಿಯಲ್ಲೂ ಕೂತಿದ್ದೆ. ನಿವೃತ್ತಿಯಾದ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯರು, ನರ್ಸುಗಳು, ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು, ಮದುವೆಮನೆಯಲ್ಲಿ ಸಿಗುವ ನೆಂಟರು ಎಲ್ಲರೂ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಹೆಚ್ಚಿನ ಮಾತು ಕರ್ನಾಟಕದ್ದು. ನೆರೆರಾಜ್ಯಗಳಿಂದ ಕಲಿಯುವುದು ಇರುವ ಕಡೆ ಅದನ್ನೂ ಸೇರಿಸಿದ್ದೇನೆ.

ಸರ್ಕಾರಿ ಆಸ್ಪತ್ರೆಗೆ ಯಜಮಾನರು ಯಾರು?

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಲ್ಲಿನ ವೈದ್ಯಾಧಿಕಾರಿ, ತಾಲ್ಲೂಕು ಆಸ್ಪತ್ರೆಗೆ ಆಡಳಿತ ವೈದ್ಯಾಧಿಕಾರಿ, ಜಿಲ್ಲಾ ಆಸ್ಪತ್ರೆಗೆ ಜಿಲ್ಲಾ ಶಸ್ತ್ರಚಿಕಿತ್ಸಕರು. ಬೋರ್ಡಿನ ಮೇಲೆ ಇಷ್ಟೇ ಇರುತ್ತದೆ. ಒಳಗೆ ಹೋದರೆ ಹಲವು ಕೈಗಳು ಕಾಣುತ್ತವೆ. ತಾಲ್ಲೂಕು ಆರೋಗ್ಯಾಧಿಕಾರಿ ಅದೇ ಕಾಂಪೌಂಡಿನಲ್ಲಿ ಕೂತಿದ್ದರೂ ಅವರ ಹೊಣೆ ಹಳ್ಳಿಗಳ ಆರೋಗ್ಯ ಕೇಂದ್ರಗಳದ್ದು. ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಓ), ಇನ್ನೊಂದು ಕಡೆ ಜಿಲ್ಲಾ ಪಂಚಾಯಿತಿಯ ಸಿಇಒ, ಅದರಾಚೆ ಬೆಂಗಳೂರಿನಲ್ಲಿ ಆರೋಗ್ಯ ಇಲಾಖೆಯ ಆಯುಕ್ತರು. ವೈದ್ಯಕೀಯ ಕಾಲೇಜು ಬಂದ ಜಿಲ್ಲೆಗಳಲ್ಲಿ ಜಿಲ್ಲಾ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯ ಕೈಗೆ ಹೋಗುತ್ತದೆ. ಆಗ ಕಾಲೇಜಿನ ನಿರ್ದೇಶಕರು ಒಬ್ಬರು, ಜಿಲ್ಲಾ ಶಸ್ತ್ರಚಿಕಿತ್ಸಕರು ಇನ್ನೊಬ್ಬರು, ಆರೋಗ್ಯ ಇಲಾಖೆ ಬೇರೆ.

ದಿನನಿತ್ಯದ ಕೆಲಸ ಹೇಗೋ ಸಾಗುತ್ತದೆ. ಗಂಡಾಂತರ ಬಂದ ರಾತ್ರಿ ಮಾತ್ರ ಈ ಗೋಜಲು ಜೀವ ತೆಗೆಯುತ್ತದೆ. 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದದ್ದು ಎಲ್ಲರಿಗೂ ನೆನಪಿದೆ. ಸಿಲಿಂಡರುಗಳು ಮೈಸೂರಿನಿಂದ ಬರಬೇಕಿತ್ತು. 24 ಮಂದಿ ಸತ್ತರೆಂದು ಮೊದಲು ಸುದ್ದಿಯಾಯಿತು. ಆಮ್ಲಜನಕದ ಕೊರತೆಯಿಂದ ಸತ್ತವರು 36 ಮಂದಿ ಎಂದು ಹೈಕೋರ್ಟ್ ನೇಮಿಸಿದ ಸಮಿತಿ ಆಮೇಲೆ ಹೇಳಿತು. ಆ ಸಮಿತಿ ಸಿಲಿಂಡರುಗಳ ಲೆಕ್ಕಕ್ಕೆ ನಿಲ್ಲಲಿಲ್ಲ. ಜಿಲ್ಲಾಡಳಿತದ ನಾಯಕತ್ವ ಸಾಲದಾದದ್ದನ್ನೂ, ಸಂಸ್ಥೆಗಳ ಮುಖ್ಯಸ್ಥರ ನಡುವೆ ಹೊಂದಾಣಿಕೆ ಇಲ್ಲದ್ದನ್ನೂ ಎತ್ತಿ ತೋರಿಸಿತು. ವಾರ್ಡಿನಲ್ಲಿ ಕೆಲಸ ಮಾಡಿದ ಯಾರಿಗೂ ಇದು ಹೊಸ ವಿಷಯವಲ್ಲ. ಇಂಥ ಸಾಮಾನು ಇಷ್ಟಕ್ಕೆ ಇಳಿದರೆ ಇಷ್ಟು ಹೊತ್ತಿಗೆ ಯಾರು ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಮುಂದೆ ಯಾರಿಗೆ ಎಂಬುದು ಮೊದಲೇ ಬರೆದು ಗೋಡೆಗೆ ಅಂಟಿಸಿರಬೇಕು. ಆಡಳಿತ ವೈದ್ಯಾಧಿಕಾರಿ ಕುರ್ಚಿಗೆ ಬಂದ ಮೊದಲ ವಾರವೇ ಮಾಡಬೇಕಾದ ಕೆಲಸವಿದು.

ಒಳ್ಳೆಯ ಡಾಕ್ಟರು ಒಳ್ಳೆಯ ಆಡಳಿತಗಾರರೂ ಆಗಿರುತ್ತಾರಲ್ಲವೇ?

ಆಗಬಹುದು. ಆದರೆ ತಾನಾಗಿ ಆಗುವುದಿಲ್ಲ. ನಮ್ಮಲ್ಲಿ ಆಡಳಿತದ ಕುರ್ಚಿಗೆ ಬರುವುದು ಸಾಮಾನ್ಯವಾಗಿ ಸೇವಾ ಹಿರಿತನದಿಂದ. ಇಪ್ಪತ್ತು ವರ್ಷ ಕಣ್ಣಿನ ಆಪರೇಷನ್ ಮಾಡಿದವರೋ ಮೂಳೆ ಜೋಡಿಸಿದವರೋ ಒಂದು ಬೆಳಿಗ್ಗೆ ಬಡ್ತಿಯ ಆದೇಶ ಹಿಡಿದು ಬಂದು, ಡೆಂಗಿ ನಿಯಂತ್ರಣದಿಂದ ಹಿಡಿದು ಹೊರಗುತ್ತಿಗೆಯವರ ಸಂಬಳದವರೆಗೆ ಎಲ್ಲದಕ್ಕೂ ಉತ್ತರ ಕೊಡಬೇಕಾಗುತ್ತದೆ. ನಾನು ಪ್ರಭಾರ ವಹಿಸಿಕೊಂಡ ದಿನ ನನ್ನ ಮುಂದೆ ಇಟ್ಟದ್ದು ಕೀಲಿಗೊಂಚಲು, ನಗದು ಪುಸ್ತಕ ಮತ್ತು ಸಹಿಗೆ ಕಾದಿದ್ದ ಮೂವತ್ತೆರಡು ಕಡತ. ಟೆಂಡರ್ ಎಂದರೇನು, ಬಂದ ಹಣ ಖರ್ಚಾಯಿತೆಂದು ಬರೆದುಕೊಡುವ ಉಪಯೋಗಿತಾ ಪ್ರಮಾಣಪತ್ರ ತಡವಾದರೆ ಏನಾಗುತ್ತದೆ ಎಂದು ಕಲಿಸಿದವರು ಪ್ರಥಮ ದರ್ಜೆ ಸಹಾಯಕರು. ಅವರಿಗೆ ನಾನು ಇಂದಿಗೂ ಋಣಿ.

ತಮಿಳುನಾಡಿನ ದಾರಿ ಬೇರೆ. ಸಾರ್ವಜನಿಕ ಆರೋಗ್ಯಕ್ಕೆಂದೇ ತರಬೇತಾದ ಅಧಿಕಾರಿಗಳ ಪ್ರತ್ಯೇಕ ವೃಂದ ಅಲ್ಲಿ ನೂರು ವರ್ಷದಿಂದ ಇದೆ. ಅವರಿಗೆ ಬೇರೆ ನಿರ್ದೇಶನಾಲಯ, ಬೇರೆ ಬಡ್ತಿ. ಜೊತೆಗೆ 1939ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ಬಲವೂ ಇದೆ. ಕರ್ನಾಟಕದಲ್ಲಿ ಡಾ. ಎಚ್. ಸುದರ್ಶನ್ ನೇತೃತ್ವದ ಆರೋಗ್ಯ ಕಾರ್ಯಪಡೆ 2001ರ ವರದಿಯಲ್ಲೇ ಇಂಥ ವೃಂದ ಬೇಕೆಂದು ಹೇಳಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಅದನ್ನೇ ಹೇಳಿತು. ಎಲ್ಲ ಸುಧಾರಣೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೋ ಎಂದು ಯಾರಾದರೂ ನನಗೆ ಹೇಳಿದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಶಸ್ತ್ರಚಿಕಿತ್ಸಕರು ಆಪರೇಷನ್ ಥಿಯೇಟರಿನಲ್ಲೇ ಉಳಿಯಲಿ, ಆಡಳಿತಕ್ಕೆ ಅದನ್ನೇ ಕಲಿತವರು ಬರಲಿ.

ಒಬ್ಬ ಡಾಕ್ಟರು ವರ್ಗವಾದ ಕೂಡಲೇ ಆಸ್ಪತ್ರೆ ಯಾಕೆ ಕುಸಿಯುತ್ತದೆ?

ಇದನ್ನು ನಾಲ್ಕು ಊರುಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಹುಮ್ಮಸ್ಸಿನ ವೈದ್ಯಾಧಿಕಾರಿ ಬರುತ್ತಾರೆ, ಬೆಳಿಗ್ಗೆ ಎಂಟಕ್ಕೇ ರೌಂಡ್ಸ್, ಗೋಡೆಗೆ ಬಣ್ಣ, ಶೌಚಾಲಯಕ್ಕೆ ನೀರು. ಹೆರಿಗೆಗಳ ಸಂಖ್ಯೆ ಏರುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಎರಡು ವರ್ಷಕ್ಕೆ ವರ್ಗ. ಊರಿನವರು ತಡೆಯಲು ಅರ್ಜಿ ಕೊಡುತ್ತಾರೆ. ಆರು ತಿಂಗಳಲ್ಲಿ ಆಸ್ಪತ್ರೆ ಮೊದಲಿನಂತಾಗುತ್ತದೆ.

ವರ್ಗಾವಣೆಯನ್ನೊಂದೇ ದೂರಿದರೆ ಸಾಲದು. ವೈದ್ಯಾಧಿಕಾರಿಗಳ ವರ್ಗಾವಣೆ ನಿಯಂತ್ರಿಸುವ ಕಾಯ್ದೆ ರಾಜ್ಯದಲ್ಲಿ 2011ರಿಂದ ಇದೆ. ಕೌನ್ಸೆಲಿಂಗ್, ಅಂದರೆ ಖಾಲಿ ಜಾಗಗಳನ್ನು ತೋರಿಸಿ ಆರಿಸಿಕೊಳ್ಳಲು ಬಿಡುವ ಕ್ರಮ, ನೆಟ್ಟಗೆ ನಡೆದ ವರ್ಷ ಶಿಫಾರಸು ಪತ್ರಗಳ ಕಾಟ ಕಡಿಮೆಯಾಗುತ್ತದೆ. ಆದರೂ ಅಧಿಕಾರಿ ಒಂದಲ್ಲ ಒಂದು ದಿನ ಹೋಗಲೇಬೇಕು. ಕೇಳಿಕೊಳ್ಳಬೇಕಾದದ್ದು, ಅವರು ಹೋದ ಮೇಲೆ ಕೆಲಸ ಯಾರ ಕೈಯಲ್ಲಿ ಉಳಿಯಿತು ಎಂದು.

ನನ್ನದೇ ಲೆಕ್ಕ ಹೇಳುತ್ತೇನೆ. ಆರು ವರ್ಷದಲ್ಲಿ ಹತ್ತಾರು ಬದಲಾವಣೆ ಮಾಡಿದೆ. ನಿವೃತ್ತಿಯಾದ ಮೂರು ವರ್ಷಕ್ಕೆ ಅದೇ ಆಸ್ಪತ್ರೆಗೆ ಹೋದಾಗ ಉಳಿದಿದ್ದದ್ದು ಎರಡೇ ಎರಡು. ಒಂದು, ಪಾಳಿ ಬದಲಾಗುವಾಗ ರಾತ್ರಿಯ ನರ್ಸು ಬೆಳಗಿನ ನರ್ಸಿಗೆ ಪ್ರತಿ ಗರ್ಭಿಣಿಯ ಮಂಚದ ಪಕ್ಕ ನಿಂತೇ ವಿವರ ಒಪ್ಪಿಸುವುದು. ಇನ್ನೊಂದು, ಬೇರೆ ಆಸ್ಪತ್ರೆಗೆ ಕಳಿಸುವ ಮುಂಚೆ ಅಲ್ಲಿಗೆ ಫೋನ್ ಮಾಡಿ, ಯಾರ ಜೊತೆ ಮಾತಾಡಿದೆವು ಎಂದು ಹೆಸರು ಬರೆಯುವುದು. ಎರಡನ್ನೂ ಹುಟ್ಟುಹಾಕಿದವರು ಹೆರಿಗೆ ಕೋಣೆಯ ಹಿರಿಯ ಶುಶ್ರೂಷಾಧಿಕಾರಿ. ನಾನು ಮಾಡಿದ್ದು ಒಪ್ಪಿಗೆ ಕೊಟ್ಟು ಪಾಳಿಯ ವೇಳೆಯನ್ನು ಹದಿನೈದು ನಿಮಿಷ ಒಂದರ ಮೇಲೊಂದು ಬರುವಂತೆ ಹೊಂದಿಸಿದ್ದಷ್ಟೇ. ನಾನೇ ಯೋಚಿಸಿ, ನಾನೇ ಸುತ್ತೋಲೆ ಹೊರಡಿಸಿ, ನಾನೇ ಬೆನ್ನುಹತ್ತಿ ಮಾಡಿಸಿದ್ದರಲ್ಲಿ ಒಂದೂ ಉಳಿದಿರಲಿಲ್ಲ. ಆ ದಿನ ಮನಸ್ಸಿಗೆ ನೋವಾಯಿತು, ಜೊತೆಗೇ ಬಹಳ ತಿಳಿಯಿತು.

ಚೆಕ್‌ಲಿಸ್ಟ್, ತರಬೇತಿ, ಮಾರ್ಗಸೂಚಿ ಇವುಗಳಿಂದ ಪ್ರಯೋಜನ ಇದೆಯೇ?

ಇದೆ. ಆದರೆ ಎಷ್ಟು ದಿನ ಎಂಬುದನ್ನು ನೋಡಬೇಕು. ಇದಕ್ಕೆ ನಮ್ಮ ದೇಶದಲ್ಲೇ ಎರಡು ಒಳ್ಳೆಯ ನಿದರ್ಶನಗಳಿವೆ.

ಸುರಕ್ಷಿತ ಹೆರಿಗೆಗೆಂದು ವಿಶ್ವ ಆರೋಗ್ಯ ಸಂಸ್ಥೆ ತಯಾರಿಸಿದ ಒಂದು ಪುಟ್ಟ ಚೆಕ್‌ಲಿಸ್ಟನ್ನು ಮೊದಲು ಪರೀಕ್ಷಿಸಿದ ಜಾಗಗಳಲ್ಲಿ ಕರ್ನಾಟಕದ ಒಂದು ಹೆರಿಗೆ ಆಸ್ಪತ್ರೆಯೂ ಇತ್ತು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು, ಹೆರಿಗೆಯಾದ ತಕ್ಷಣ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಕೊಡುವುದು ಇಂಥ 29 ಅಗತ್ಯ ಕೆಲಸಗಳಲ್ಲಿ ಮೊದಲು ಒಂದು ಹೆರಿಗೆಗೆ ಸರಾಸರಿ 10 ಆಗುತ್ತಿದ್ದವು. ಚೆಕ್‌ಲಿಸ್ಟ್ ಬಂದ ಮೇಲೆ ಅದು 25ಕ್ಕೆ ಏರಿತು. 2012ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ನಾವೆಲ್ಲ ಹಿರಿಹಿರಿ ಹಿಗ್ಗಿದ್ದೆವು.

ಅದೇ ಚೆಕ್‌ಲಿಸ್ಟನ್ನು ಆಮೇಲೆ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ಪರೀಕ್ಷಿಸಿದರು. ಅರ್ಧದಷ್ಟು ಆಸ್ಪತ್ರೆಗಳಿಗೆ ಮಾರ್ಗದರ್ಶಕರು ಎಂಟು ತಿಂಗಳು ಹೋಗಿ ನರ್ಸುಗಳ ಜೊತೆ ನಿಂತು ಹೇಳಿಕೊಟ್ಟರು. ಎರಡನೇ ತಿಂಗಳಿಗೆ ಆ ಆಸ್ಪತ್ರೆಗಳಲ್ಲಿ ಅಗತ್ಯ ಕೆಲಸಗಳಲ್ಲಿ ನೂರಕ್ಕೆ 73ರಷ್ಟು ಆಗುತ್ತಿದ್ದವು. ಮಾರ್ಗದರ್ಶಕರು ಬಿಟ್ಟುಹೋದ ಮೇಲೆ, ಹನ್ನೆರಡನೇ ತಿಂಗಳಿಗೆ, ಅದು 62ಕ್ಕೆ ಇಳಿದಿತ್ತು. ತಾಯಿ ಮತ್ತು ಶಿಶುಗಳ ಸಾವಿನಲ್ಲಿ ಎರಡೂ ಗುಂಪಿನ ಆಸ್ಪತ್ರೆಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ.

ಚೆಕ್‌ಲಿಸ್ಟ್ ನಿರುಪಯೋಗಿ ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ನರ್ಸು ರಕ್ತದೊತ್ತಡ ನೋಡಿ 160 ಎಂದು ಬರೆಯುತ್ತಾಳೆ. ಆಮೇಲೆ ಫಿಟ್ಸ್ ಬರದಂತೆ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್ ಇರಬೇಕು, ಕೊಡು ಎನ್ನುವ ಡಾಕ್ಟರು ಸಿಗಬೇಕು, ಸಿಸೇರಿಯನ್ ಬೇಕಾದರೆ ಅರಿವಳಿಕೆ ತಜ್ಞರು ಇರಬೇಕು, 108 ಹೊತ್ತಿಗೆ ಸರಿಯಾಗಿ ಬರಬೇಕು. ಒಂದು ಹಾಳೆಯಿಂದ ನರ್ಸಿನ ಕೆಲಸ ಸುಧಾರಿಸಬಹುದು, ಅವಳ ಹಿಂದಿರುವ ವ್ಯವಸ್ಥೆಯನ್ನು ಸರಿಪಡಿಸಬೇಕಾದವರು ಮೇಲಿನವರು. ಆ ಪಾಲನ್ನೂ ಹಾಳೆಯ ಮೇಲೇ ಹೊರಿಸಲು ಹೋದದ್ದೇ ತಪ್ಪು.

ತಾಯಂದಿರ ಸಾವು ಕಡಿಮೆಯಾಗಿದೆ ಎನ್ನುತ್ತಾರೆ, ಮತ್ತೆ ಬಳ್ಳಾರಿಯಂಥದ್ದು ಯಾಕಾಯಿತು?

ಕಡಿಮೆಯಾಗಿರುವುದು ನಿಜ. ಒಂದು ಲಕ್ಷ ಜೀವಂತ ಜನನಕ್ಕೆ ಸಾಯುವ ತಾಯಂದಿರ ಸಂಖ್ಯೆ ಕರ್ನಾಟಕದಲ್ಲಿ 2004-06ರಲ್ಲಿ 213 ಇತ್ತು, 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ನಡೆದದ್ದು, 2008ರಿಂದ ಓಡುತ್ತಿರುವ 108 ಆಂಬ್ಯುಲೆನ್ಸ್, ಆಸ್ಪತ್ರೆ ಹೆರಿಗೆ ಎಲ್ಲವೂ ಇದರಲ್ಲಿ ಸೇರಿದೆ. ಆದರೆ ಅದೇ ಅವಧಿಯಲ್ಲಿ ತಮಿಳುನಾಡು 54ರಲ್ಲಿ, ಕೇರಳ 19ರಲ್ಲಿ ಇದ್ದವು. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಡ್ರಿಪ್ಪಿನಲ್ಲಿ ಕೊಡುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಿತ್ತು. ಆಮೇಲೆ ರಾಜ್ಯ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಎಲ್ಲ ತಾಯಂದಿರ ಸಾವುಗಳ ಪರಿಶೋಧನೆ ಮಾಡಿಸಿತು. 464 ಸಾವುಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚಿನವನ್ನು ತಪ್ಪಿಸಬಹುದಿತ್ತು ಎಂಬ ಉತ್ತರ ಬಂತು. ಇಂಥ ಮಾತನ್ನು ಸರ್ಕಾರವೇ ತನ್ನ ವರದಿಯಲ್ಲಿ ಹೇಳಿದ್ದನ್ನು ನಾನು ಗೌರವಿಸುತ್ತೇನೆ. ಹೇಳಿಕೊಳ್ಳದೆ ಸರಿಪಡಿಸಲು ಆಗುವುದಿಲ್ಲ.

ತಾಯಿ ಸತ್ತಾಗ ನಡೆಸುವ ಪರಿಶೋಧನೆಯಿಂದ ಏನಾದರೂ ಬದಲಾಗುತ್ತದೆಯೇ?

ಅದನ್ನು ಹೇಗೆ ನಡೆಸುತ್ತಾರೆ ಎಂಬುದರ ಮೇಲೆ ನಿಂತಿದೆ. ನಾನು ಕೂತಿದ್ದ ಒಂದು ಸಭೆಯನ್ನು ಮರೆಯಲಾರೆ. ಹೆರಿಗೆಯ ನಂತರ ರಕ್ತಸ್ರಾವವಾಗಿ ಇಪ್ಪತ್ತೊಂದು ವರ್ಷದ ತಾಯಿ ತೀರಿಕೊಂಡಿದ್ದಳು. ಮೊದಲ ಪ್ರಶ್ನೆಯೇ ‘ಡ್ಯೂಟಿಯಲ್ಲಿ ಯಾರಿದ್ದರು?’ ನರ್ಸು ಎದ್ದು ನಿಂತಳು, ಕೈ ನಡುಗುತ್ತಿತ್ತು. ಅವಳಿಗೆ ನೋಟಿಸ್ ಹೋಯಿತು, ಕಡತ ಮುಗಿಯಿತು. ವಾರದ ಮೇಲೆ ಅವಳೇ ನನ್ನ ಬಳಿ ಬಂದು ಹೇಳಿದ್ದು ಬೇರೆಯೇ. ಅಂದು ರಕ್ತ ಆಸ್ಪತ್ರೆಯಲ್ಲೇ ಇತ್ತು. ರಕ್ತ ಶೇಖರಣಾ ಘಟಕದ ಕೀಲಿ ರಜೆಯ ಮೇಲೆ ಹೋಗಿದ್ದ ಲ್ಯಾಬ್ ಟೆಕ್ನಿಷಿಯನ್ ಬಳಿ ಉಳಿದಿತ್ತು. ಎರಡು ತಾಸು ಕೀಲಿ ಹುಡುಕಿದ್ದರು. ‘ಸಭೆಯಲ್ಲಿ ಯಾಕಮ್ಮ ಹೇಳಲಿಲ್ಲ?’ ಎಂದೆ. ‘ಅವರನ್ನೂ ಸಿಕ್ಕಿಸಿದ ಹಾಗಾಗುತ್ತಿತ್ತು ಮೇಡಂ’ ಎಂದಳು.

ನೋಟಿಸಿನ ಭಯ ಇರುವ ಕಡೆ ಕೇಸ್ ಶೀಟು ಆಮೇಲೆ ತುಂಬಲ್ಪಡುತ್ತದೆ, ‘ರೋಗಿ ತಡವಾಗಿ ಬಂದರು’ ಎಂಬ ಒಂದು ಸಾಲು ಎಲ್ಲ ವರದಿಗಳಲ್ಲೂ ಕಾಣಿಸಿಕೊಳ್ಳುತ್ತದೆ. ರಕ್ತ ಇಡುವ ಆ ಬೀರುವಿಗೆ ಎರಡನೇ ಕೀಲಿ ಮಾಡಿಸಿ ಹೆರಿಗೆ ಕೋಣೆಯಲ್ಲಿ ನೇತುಹಾಕಿದ್ದು ನಾನು ಸೇವೆಯಲ್ಲಿ ಮಾಡಿದ ಅತಿ ದೊಡ್ಡ ಸುಧಾರಣೆ ಎಂದು ಈಗಲೂ ನಂಬಿದ್ದೇನೆ. ಖರ್ಚು ನೂರು ರೂಪಾಯಿಯೂ ಆಗಲಿಲ್ಲ.

ಕೇರಳದಲ್ಲಿ ಪ್ರಸೂತಿ ತಜ್ಞರ ಸಂಘ ಮತ್ತು ಸರ್ಕಾರ ಸೇರಿ 2004ರಿಂದ ತಾಯಂದಿರ ಸಾವುಗಳ ಗೋಪ್ಯ ಪರಿಶೀಲನೆ ನಡೆಸುತ್ತಿವೆ. ವೈದ್ಯರ, ಆಸ್ಪತ್ರೆಯ, ರೋಗಿಯ ಹೆಸರನ್ನೆಲ್ಲ ತೆಗೆದುಹಾಕಿ, ಏನಾಯಿತು ಎಂಬುದನ್ನಷ್ಟೇ ತಜ್ಞರ ಮುಂದಿಡುತ್ತಾರೆ. ಕಲಿತದ್ದನ್ನು ಎಲ್ಲ ಆಸ್ಪತ್ರೆಗಳಿಗೂ ಹಂಚುತ್ತಾರೆ. ಉದ್ದೇಶಪೂರ್ವಕ ನಿರ್ಲಕ್ಷ್ಯಕ್ಕೆ ಶಿಕ್ಷೆ ಬೇಕು, ಅದು ಬೇರೆ ದಾರಿಯಲ್ಲಿ ಆಗಲಿ. ಕಲಿಯಲೆಂದು ಕೂಡಿದ ಸಭೆ ವಿಚಾರಣಾ ಕಟ್ಟೆಯಾಗಬಾರದು.

ಸಿಬ್ಬಂದಿ ಕೊರತೆ ತುಂಬಿದರೆ ಎಲ್ಲ ಸರಿಹೋಗುತ್ತದಲ್ಲವೇ?

ಅರ್ಧ ಸರಿಹೋಗುತ್ತದೆ. ತಜ್ಞರಿಲ್ಲದೆ ಯಾವ ನಾಯಕತ್ವವೂ ಸಿಸೇರಿಯನ್ ಮಾಡಲಾರದು. ಹಾಗೆಯೇ, ಪ್ರಸೂತಿ ತಜ್ಞರನ್ನು ಒಂದು ಆಸ್ಪತ್ರೆಗೂ ಅರಿವಳಿಕೆ ತಜ್ಞರನ್ನು ಮೂವತ್ತು ಕಿಲೋಮೀಟರ್ ದೂರದ ಇನ್ನೊಂದಕ್ಕೂ ಹಾಕಿದರೆ ಎರಡೂ ಕಡೆ ಹುದ್ದೆ ಭರ್ತಿಯಾಗಿರುತ್ತದೆ, ಎರಡೂ ಕಡೆ ಸಿಸೇರಿಯನ್ ಆಗುವುದಿಲ್ಲ. ಇದನ್ನು ಸರಿಪಡಿಸಲು ಹೊಸ ನೇಮಕಾತಿ ಬೇಕಿಲ್ಲ, ಇರುವವರನ್ನು ಜೋಡಿ ನೋಡಿ ಹಾಕಬೇಕು.

ಕಾಯಕಲ್ಪ ಪ್ರಶಸ್ತಿ, ಗುಣಮಟ್ಟದ ಪ್ರಮಾಣಪತ್ರ ಇದ್ದರೆ ಆ ಆಸ್ಪತ್ರೆ ಒಳ್ಳೆಯದು ಎಂದು ನಂಬಬಹುದೇ?

ಒಂದು ಮಟ್ಟಿಗೆ ನಂಬಬಹುದು. 2015ರಲ್ಲಿ ಬಂದ ಕಾಯಕಲ್ಪ ಯೋಜನೆ ಮುಖ್ಯವಾಗಿ ಸ್ವಚ್ಛತೆ ಮತ್ತು ಸೋಂಕು ತಡೆಗೆ. ಎನ್‌ಕ್ಯೂಎಎಸ್ ಎಂಬ ರಾಷ್ಟ್ರೀಯ ಗುಣಮಟ್ಟದ ಮಾನದಂಡ ಇನ್ನೂ ಆಳಕ್ಕೆ ಹೋಗುತ್ತದೆ. ರೋಗಿಯ ಹಕ್ಕುಗಳಿಂದ ಚಿಕಿತ್ಸೆಯ ಫಲಿತಾಂಶದವರೆಗೆ ಎಂಟು ವಿಭಾಗಗಳಿದ್ದು, ಕನಿಷ್ಠ ನೂರಕ್ಕೆ 70 ಅಂಕ ಬೇಕು. ಹೆರಿಗೆ ಕೋಣೆಗೆಂದೇ 2017ರ ಕೊನೆಗೆ ‘ಲಕ್ಷ್ಯ’ ಬಂತು. ಇವುಗಳಿಂದ ನಿಜಕ್ಕೂ ಒಳಿತಾಗಿದೆ. ಹೆರಿಗೆ ಮೇಜಿಗೆ ಪರದೆ ಬಂದದ್ದು, ಗರ್ಭಿಣಿಯ ಜೊತೆ ಒಬ್ಬ ಹೆಣ್ಣುಮಗಳು ಒಳಗೆ ಇರಬಹುದೆಂದು ಆದದ್ದು ಇವುಗಳಿಂದಲೇ. ಬೈಗುಳ ತಿನ್ನುತ್ತ ಹೆರುತ್ತಿದ್ದ ಕಾಲವನ್ನು ನೋಡಿದವಳಿಗೆ ಇದು ಸಣ್ಣ ಮಾತಲ್ಲ.

ಪರಿಶೀಲನಾ ತಂಡ ಬರುವ ಹಿಂದಿನ ತಿಂಗಳು ಹಗಲುರಾತ್ರಿ ದುಡಿದು, ಅವರು ಹೋದ ಮೇಲೆ ಬಿಟ್ಟುಬಿಡುವುದು ತೊಂದರೆ. ನಿಮಗೆ ಆಸ್ಪತ್ರೆಯ ನಿಜಸ್ಥಿತಿ ತಿಳಿಯಬೇಕೆಂದರೆ ಭಾನುವಾರ ರಾತ್ರಿ ಹತ್ತಕ್ಕೆ ಹೋಗಿ ಕೈ ತೊಳೆಯುವ ನಲ್ಲಿ ತಿರುಗಿಸಿ ನೋಡಿ.

ಔಷಧಿಗೆ ಹೊರಗಡೆ ಚೀಟಿ ಬರೆದುಕೊಡುವುದು ಯಾಕೆ ನಿಲ್ಲುತ್ತಿಲ್ಲ?

ಕೆಲವು ಕಡೆ ದುರಾಸೆಯಿಂದ, ಹೆಚ್ಚಿನ ಕಡೆ ಔಷಧಿ ಇಲ್ಲದ್ದರಿಂದ. ಖರೀದಿ ನಡೆಯುವುದು ರಾಜ್ಯ ಮಟ್ಟದ ನಿಗಮದಲ್ಲಿ. ಟೆಂಡರ್ ತಡವಾದರೆ ಕೆಳಗಿನವರು ಸ್ಥಳೀಯ ಖರೀದಿಗೆ ಇಳಿಯುತ್ತಾರೆ, ಅಲ್ಲಿ ಬೆಲೆಯೂ ಹೆಚ್ಚು, ಗುಣಮಟ್ಟದ ಖಾತ್ರಿಯೂ ಕಡಿಮೆ. 1994ರಲ್ಲಿ ತಮಿಳುನಾಡು ಕಟ್ಟಿದ ವೈದ್ಯಕೀಯ ಸೇವಾ ನಿಗಮ ಇದಕ್ಕೆ ದೇಶಕ್ಕೇ ಮಾದರಿ. ಗೋದಾಮಿನಲ್ಲಿ ಎಷ್ಟು ದಾಸ್ತಾನಿದೆ ಎಂದು ಸದಾ ಕಣ್ಣಿಟ್ಟು, ಔಷಧಿಯ ಪರೀಕ್ಷೆ ಆದ ಮೇಲೆಯೇ ಬಿಡುಗಡೆ ಮಾಡುವುದು ಅದರ ಕ್ರಮ.

ಆಸ್ಪತ್ರೆಯ ಮಟ್ಟದಲ್ಲೂ ತಪ್ಪಿದೆ. ‘ಹೋದ ವರ್ಷದ್ದಕ್ಕೆ ನೂರಕ್ಕೆ ಹತ್ತು ಸೇರಿಸಿ’ ಎಂದು ಇಂಡೆಂಟ್ (ಔಷಧಿಯ ಬೇಡಿಕೆ ಪಟ್ಟಿ) ಹಾಕುವ ಪದ್ಧತಿಯನ್ನು ನಾನೂ ಪಾಲಿಸಿದ್ದೆ. ಹೋದ ವರ್ಷ ಮೂರು ತಿಂಗಳು ಔಷಧಿಯೇ ಇರಲಿಲ್ಲವೆಂದರೆ ಆ ಲೆಕ್ಕದಲ್ಲೇ ಕೊರತೆ ಅಡಗಿರುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ರೋಗಿಗಳ ತಲೆ ಎಣಿಸಿ ಇಂಡೆಂಟ್ ಹಾಕಲು ಶುರುಮಾಡಿದ ಮೇಲೆ ನಮ್ಮಲ್ಲಿ ಆ ಮಾತ್ರೆಗಳು ತಪ್ಪಲಿಲ್ಲ.

ಎಲ್ಲ ಸರ್ಕಾರಿ ಆಸ್ಪತ್ರೆಗಳೂ ಜಯದೇವದಂತೆ ಯಾಕಾಗುವುದಿಲ್ಲ?

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯನ್ನು ಡಾ. ಸಿ.ಎನ್. ಮಂಜುನಾಥ್ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ನಿರ್ದೇಶಕರಾಗಿ ನಡೆಸಿದರು. ಮೊದಲು ಚಿಕಿತ್ಸೆ, ಆಮೇಲೆ ಹಣ ಎಂಬ ನಿಯಮವನ್ನು ಅಲ್ಲಿ ರೂಢಿಗೆ ತಂದರು. ಅವರ ಶ್ರಮ ದೊಡ್ಡದು. ಅದರ ಜೊತೆಗೆ ಇನ್ನೆರಡು ಸಂಗತಿ ನೆನಪಿಡಬೇಕು. ಅದು ಸ್ವಾಯತ್ತ ಸಂಸ್ಥೆ, ಅದರ ನಿರ್ದೇಶಕರು ಬಹಳ ವರ್ಷ ಬದಲಾಗಲಿಲ್ಲ. ಸಣ್ಣ ಸಾಮಾನಿನ ಖರೀದಿಗೂ ಮೇಲಿನ ಒಪ್ಪಿಗೆಗೆ ಕಾಯುವ, ಎರಡು ವರ್ಷಕ್ಕೊಮ್ಮೆ ಮುಖ್ಯಸ್ಥರು ಬದಲಾಗುವ ತಾಲ್ಲೂಕು ಆಸ್ಪತ್ರೆಯನ್ನು ಅದರ ಪಕ್ಕ ನಿಲ್ಲಿಸಿ ‘ನಿಮಗೆ ಯಾಕಾಗುವುದಿಲ್ಲ’ ಎಂದರೆ ಅನ್ಯಾಯ. ಕೈ ಬಿಚ್ಚಿ ಕೊಟ್ಟು ಆಮೇಲೆ ಲೆಕ್ಕ ಕೇಳಲಿ.

ಖಾಸಗಿಯವರಿಗೆ ವಹಿಸಿಬಿಟ್ಟರೆ?

ಸೇವಾ ಸಂಸ್ಥೆಗಳು ಚೆನ್ನಾಗಿ ನಡೆಸಿದ್ದುಂಟು. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕರುಣಾ ಟ್ರಸ್ಟ್ 1996ರಲ್ಲಿ ವಹಿಸಿಕೊಂಡಿತು. ಅಂಥ ನಿಷ್ಠೆಯವರು ಎಲ್ಲ ತಾಲ್ಲೂಕಿನಲ್ಲೂ ಸಿಗುವುದಿಲ್ಲ. ವಹಿಸಿಕೊಟ್ಟ ಮೇಲೂ ಉಸ್ತುವಾರಿಗೆ ಸಮರ್ಥ ಸರ್ಕಾರಿ ಅಧಿಕಾರಿ ಬೇಕೇ ಬೇಕು.

ಮಗುವಿನ ಮುಖ ತೋರಿಸಲೂ ದುಡ್ಡು ಕೇಳುತ್ತಾರೆ. ಇದಕ್ಕೆ ಯಾರು ಹೊಣೆ?

ಆಸ್ಪತ್ರೆಯ ಮುಖ್ಯಸ್ಥರು. ಗಂಡು ಮಗುವಿಗೆ ಇಷ್ಟು, ಹೆಣ್ಣು ಮಗುವಿಗೆ ಇಷ್ಟು ಎಂದು ದರ ಕಟ್ಟುವುದು ಗೊತ್ತಿದ್ದೂ ಸುಮ್ಮನಿರುವ ಮುಖ್ಯಸ್ಥರಿಗೆ ಕ್ಷಮೆಯಿಲ್ಲ. ಹೊರಗುತ್ತಿಗೆಯ ಸ್ವಚ್ಛತಾ ಕೆಲಸದವರಿಗೆ ನಾಲ್ಕು ತಿಂಗಳು ಸಂಬಳ ಬರದಿದ್ದಾಗ ನಮ್ಮಲ್ಲಿ ಈ ವಸೂಲಿ ಏರಿದ್ದನ್ನು ಕಂಡಿದ್ದೇನೆ. ಸಂಬಳ ಕೊಡಿಸುವುದಕ್ಕಾಗಿ ಗುತ್ತಿಗೆದಾರರ ಬೆನ್ನುಹತ್ತುವುದೂ, ಕೈಯೊಡ್ಡಿದವರ ಮೇಲೆ ಕ್ರಮ ಕೈಗೊಳ್ಳುವುದೂ ಒಟ್ಟಿಗೆ ನಡೆಯಬೇಕು. ನೀವು ಕೊಟ್ಟಿದ್ದರೆ ನಾಚಿಕೆಪಡಬೇಡಿ, ದೂರು ಕೊಡಿ. ಲೋಕಾಯುಕ್ತಕ್ಕೂ ಹೋಗಬಹುದು.

ಊರಿನವರಾಗಿ ನಾವೇನು ಮಾಡಬಹುದು?

ಒಳ್ಳೆಯ ಡಾಕ್ಟರ ವರ್ಗಾವಣೆ ತಡೆಯಲು ಧರಣಿ ಕೂರುವುದಕ್ಕಿಂತ ಮೊದಲು ಆರೋಗ್ಯ ರಕ್ಷಾ ಸಮಿತಿಯ ಬಗ್ಗೆ ವಿಚಾರಿಸಿ. ಆಸ್ಪತ್ರೆಗೆ ನೇರವಾಗಿ ಬರುವ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂದು ತೀರ್ಮಾನಿಸುವುದು ಈ ಸಮಿತಿ. ಊರಿನ ಪ್ರತಿನಿಧಿಗಳೂ ಇದರಲ್ಲಿ ಇರುತ್ತಾರೆ. ಬಹಳ ಕಡೆ ಸಭೆ ನಡೆಯುವುದೇ ಇಲ್ಲ, ಸಹಿಯ ಪುಸ್ತಕ ಮನೆಮನೆಗೆ ಹೋಗಿ ಬರುತ್ತದೆ.

ಕೊನೆಯ ಸಭೆ ಯಾವಾಗ ನಡೆಯಿತು, ನಡಾವಳಿ ತೋರಿಸಿ ಎಂದು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಸಭೆಯಲ್ಲಿ ಬಣ್ಣ, ಕಮಾನು, ನಾಮಫಲಕದ ಮಾತು ಬಂದಾಗ ನೀವು ಬೇರೆ ಪ್ರಶ್ನೆ ಎತ್ತಿ: ಈ ತಿಂಗಳು ಎಷ್ಟು ಗರ್ಭಿಣಿಯರನ್ನು ಜಿಲ್ಲೆಗೆ ಕಳಿಸಿದಿರಿ, ಯಾಕೆ? ಜನರೇಟರಿಗೆ ಡೀಸೆಲ್ ಇದೆಯೇ, ಕೊನೆಯ ಸಲ ಯಾವಾಗ ಓಡಿಸಿ ನೋಡಿದಿರಿ? ರಾತ್ರಿಪಾಳಿಯ ನರ್ಸು ಒಬ್ಬರೇ ಇರುತ್ತಾರೋ ಇಬ್ಬರೋ? ಆಶಾ ಕಾರ್ಯಕರ್ತೆಯನ್ನೂ ಹಿರಿಯ ನರ್ಸನ್ನೂ ಸಭೆಗೆ ಕರೆಸಿ, ಕುರ್ಚಿ ಕೊಟ್ಟು ಕೂರಿಸಿ, ಮೊದಲು ಅವರ ಮಾತು ಕೇಳಿ. ರಕ್ತದ ಬೀರುವಿನ ಕೀಲಿ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.